ಹಳ್ಳದ ಆರೋಗ್ಯಕ್ಕೆ ಹುಳುಗಳೇ ಸಾಕ್ಷಿ

ಊರ ಹಳ್ಳದ ನೀರು ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಹೇಳುವುದು ಹೇಗೆ? ತಿಳಿಯಾಗಿದ್ದರೆ ಒಳ್ಳೆಯದು ಎನ್ನುತ್ತೇವೆ. ಆದರೆ ಕೀಟನಾಶಕ ಬೆರೆತ ನೀರೂ ತಿಳಿಯಾಗಿಯೇ ಕಾಣಬಹುದು. ಮುಂಗಾರಿನ ಕೆಂಪು ನೀರಿನಲ್ಲಿ ಇರುವುದು ಬರೀ ಮಣ್ಣಿರಬಹುದು. ಅಂದಮೇಲೆ ಕಣ್ಣೊಂದನ್ನೇ ನಂಬುವಂತಿಲ್ಲ. ಇನ್ನು ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ಜಗತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದೆ.

ಮೊದಲು ನಂಬಿದ್ದು ಬಾಟಲಿಯನ್ನು. ಇಂಗ್ಲೆಂಡಿನ ಪಟ್ಟಣಗಳ ಚರಂಡಿ ನೀರೆಲ್ಲ ಹೊಳೆಗೆ ಸೇರಿ ಗಬ್ಬೆದ್ದಾಗ, 1898ರಲ್ಲಿ ಅಲ್ಲಿನ ಸರ್ಕಾರ ಒಂದು ಆಯೋಗ ನೇಮಿಸಿತು. 1912ರ ಅದರ ವರದಿ ಒಂದು ಪರೀಕ್ಷೆಯನ್ನು ಗಟ್ಟಿಮಾಡಿತು. ನೀರನ್ನು ಬಾಟಲಿಯಲ್ಲಿ ತುಂಬಿ 5 ದಿನ ಮುಚ್ಚಿಡಬೇಕು. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಎಷ್ಟು ಆಮ್ಲಜನಕ ಬಳಸಿವೆ ಎಂದು ಅಳೆಯಬೇಕು. ಹೆಚ್ಚು ಬಳಸಿದ್ದರೆ ಕೊಳೆ ಹೆಚ್ಚು. ಇದೇ ಬಿಓಡಿ. ನಮ್ಮ ದೇಶದಲ್ಲಿ ಸೆಕೆ ಜಾಸ್ತಿಯಾದ್ದರಿಂದ ಈಗ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ.

ಪರೀಕ್ಷೆ ಒಳ್ಳೆಯದೇ. ಆದರೆ ಬಾಟಲಿ ಹೇಳುವುದು ಅದನ್ನು ತುಂಬಿದ ಹೊತ್ತಿನ ಸುದ್ದಿ ಮಾತ್ರ. ರಾತ್ರಿ ಯಾರೋ ಹಳ್ಳಕ್ಕೆ ವಿಷ ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಮಧ್ಯಾಹ್ನ ತುಂಬಿದ ಬಾಟಲಿಗೆ ಏನೂ ಗೊತ್ತಾಗುವುದಿಲ್ಲ.

ಆದರೆ ಹಳ್ಳದಲ್ಲೇ ಬದುಕುವ ಜೀವಿಗಳಿಗೆ ಗೊತ್ತಾಗುತ್ತದೆ. ಇದನ್ನು ಮೊದಲು ಕ್ರಮವಾಗಿ ಬರೆದಿಟ್ಟವರು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್. ಚರಂಡಿ ಸೇರುವ ಜಾಗದಿಂದ ಕೆಳಕ್ಕೆ ಹೋದಂತೆ ನೀರು ತಾನಾಗಿ ಶುದ್ಧವಾಗುತ್ತದೆ, ಒಂದೊಂದು ಹಂತದಲ್ಲೂ ಬೇರೆ ಬೇರೆ ಜೀವಿಗಳಿರುತ್ತವೆ ಎಂದು ಅವರು ತೋರಿಸಿದರು. 1908ರಲ್ಲಿ ಸಸ್ಯಗಳ ಪಟ್ಟಿ, 1909ರಲ್ಲಿ ಪ್ರಾಣಿಗಳ ಪಟ್ಟಿ ಪ್ರಕಟಿಸಿದರು. ಯಾವ ಜೀವಿ ಸಿಕ್ಕಿತು ಎಂಬುದರ ಮೇಲೆ ನೀರು ಎಷ್ಟು ಕೊಳೆಯಾಗಿದೆ ಎಂದು ಹೇಳಬಹುದಾಯಿತು.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಅಮೆರಿಕದ ರೂತ್ ಪ್ಯಾಟ್ರಿಕ್. ಅವರು ಕಲ್ಲಿನ ಮೇಲೆ ಕಂದು ಲೋಳೆಯಂತೆ ಬೆಳೆಯುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ತಜ್ಞೆ. ಫಿಲಡೆಲ್ಫಿಯಾದ ವಿಜ್ಞಾನ ಸಂಸ್ಥೆಯೊಂದರಲ್ಲಿ ಹಲವು ವರ್ಷ ಸಂಬಳವಿಲ್ಲದೆ ದುಡಿದವರು. 1948ರಲ್ಲಿ ಅವರು ಪೆನ್ಸಿಲ್ವೇನಿಯಾದ ಕಾನೆಸ್ಟೋಗಾ ಎಂಬ ಚಿಕ್ಕ ಹೊಳೆಗೆ ಒಂದು ತಂಡವನ್ನೇ ಇಳಿಸಿದರು. ಮೀನು, ಕೀಟ, ಪಾಚಿ, ಬ್ಯಾಕ್ಟೀರಿಯಾ, ರಸಾಯನ ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ತಜ್ಞರು. ಆ ಹೊಳೆಗೆ ಪಟ್ಟಣದ ಚರಂಡಿ, ಹೊಲದ ನೀರು, ಕಾರ್ಖಾನೆಯ ಕೊಳೆ ಎಲ್ಲವೂ ಸೇರುತ್ತಿತ್ತು.

ಅವರು ಕಂಡುಕೊಂಡದ್ದು ಸರಳ. ಯಾವುದೋ ಒಂದು ಹುಳ ಸಿಕ್ಕಿತೆಂದು ತೀರ್ಪು ಕೊಡಬೇಡಿ, ಎಷ್ಟು ಬಗೆಯ ಜೀವಿಗಳಿವೆ ನೋಡಿ. ಆರೋಗ್ಯವಂತ ಹೊಳೆಯಲ್ಲಿ ಹತ್ತಾರು ಬಗೆ, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ. ಕೆಟ್ಟ ಹೊಳೆಯಲ್ಲಿ ಬಗೆ ಕೆಲವೇ, ಆದರೆ ಒಂದೆರಡು ಬಗೆಯವು ಲೆಕ್ಕವಿಲ್ಲದಷ್ಟು. ಊರಲ್ಲಿ ಎಲ್ಲ ಕಸುಬಿನವರೂ ಇದ್ದರೆ ಊರು ಚೆನ್ನಾಗಿರುವ ಹಾಗೆ ಇದು. ರೂತ್ 2013ರಲ್ಲಿ 105ನೇ ವಯಸ್ಸಿನಲ್ಲಿ ತೀರಿಕೊಂಡರು.

1970ರ ದಶಕದಲ್ಲಿ ಬ್ರಿಟನ್ನಿನವರು ಇದಕ್ಕೆ ಅಂಕ ಕೊಟ್ಟರು. ಶುದ್ಧ ನೀರಲ್ಲಷ್ಟೇ ಬದುಕುವ ಕೀಟಗಳಿಗೆ 10, ಕೊಳೆಯಲ್ಲೂ ಬದುಕುವ ಎರೆಹುಳದ ಜಾತಿಯವಕ್ಕೆ 1. ನಮ್ಮಲ್ಲಿ 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು. ಮುಂದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಲೆಂಡಿನವರ ಜೊತೆ ಯಮುನೆಯಲ್ಲಿ ಪ್ರಯೋಗ ಮಾಡಿ ಇದೇ ಅಂಕಪದ್ಧತಿಯನ್ನು ಇಲ್ಲಿಗೆ ಹೊಂದಿಸಿತು. 2007ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ನೀರಿನ ಕೀಟಗಳಿಂದ ಹೊಳೆಯ ಆರೋಗ್ಯ ಅಳೆಯುವ ಕೈಪಿಡಿಯನ್ನೇ ಹೊರತಂದಿತು.

ಇಷ್ಟು ದೊಡ್ಡ ವಿದ್ಯೆಯ ಮೊದಲ ಪಾಠಕ್ಕೆ ಬೇಕಾಗುವುದು ಒಂದು ಬಿಳಿ ತಟ್ಟೆ ಮತ್ತು ಒಂದು ಜರಡಿ. ಮಳೆ ನಿಂತು ಹರಿವು ಇಳಿದ ಮೇಲೆ ಹಳ್ಳದ ಕಲ್ಲೊಂದನ್ನು ಮಗುಚಿ ನೋಡಿ. ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡ, ಬಾಲದಲ್ಲಿ ಎರಡು ಮೂರು ಎಳೆ ಇರುವ ಮರಿಕೀಟಗಳು, ಮರಳಿನ ಕಾಳು ಜೋಡಿಸಿ ಗೂಡು ಮಾಡಿಕೊಂಡ ಹುಳಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ಏಡಿ, ಬಸವನಹುಳು ಎಲ್ಲ ಕಂಡರೆ ಅದು ಒಳ್ಳೆಯ ಲಕ್ಷಣ. ಕಪ್ಪು ಕೆಸರಿನಲ್ಲಿ ಬರೀ ಕೆಂಪು ಹುಳಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಆ ಕೆಂಪು ಬಣ್ಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನದು. ಇದ್ದಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲು ಅವುಗಳಿಗೆ ಅದೇ ಆಸರೆ.

ಎರಡು ಎಚ್ಚರ ಬೇಕು. ಬಯಲುಸೀಮೆಯ ಬತ್ತುವ ಹಳ್ಳವನ್ನು ಮಲೆನಾಡಿನ ತೊರೆಯ ಜೊತೆ ಹೋಲಿಸಬಾರದು. ಚರಂಡಿ ಸೇರುವ ಜಾಗದ ಮೇಲೆ, ಕೆಳಗೆ ಎರಡೂ ಕಡೆ ನೋಡಿ ಹೋಲಿಸಬೇಕು. ಇನ್ನೊಂದು, ಹುಳುಗಳು ಚೆನ್ನಾಗಿವೆ ಎಂದಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಅಂತಲ್ಲ. ಫ್ಲೋರೈಡ್, ರೋಗಾಣು ತಿಳಿಯಲು ಪ್ರಯೋಗಾಲಯವೇ ಬೇಕು.

ನೋಡಿದ್ದನ್ನು ಬರೆದಿಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಹಳ್ಳದಲ್ಲಿ ಏನೇನಿತ್ತು ಎಂದು ಇಂದು ಬರೆಯದಿದ್ದರೆ, ನಾಳೆ ಏನು ಹೋಯಿತು ಎಂದು ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಇರುವುದಿಲ್ಲ. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಹಳ್ಳದ ಪುಟ ಇದೆಯೇ? ಹೋಗಿ ಕೇಳೋಣ.