ಬೆಕ್ಕಿನ ಮೂತ್ರಪಿಂಡ ರೋಗಗಳು ಮತ್ತು ವೈರಸ್ ರೋಗಗಳು: ಪತ್ತೆ ಹಾಗೂ ಚಿಕಿತ್ಸೆಯ ಇತಿಹಾಸ

ಬೆಕ್ಕಿನ ಮೂತ್ರಪಿಂಡ ರೋಗಗಳು ಮತ್ತು ವೈರಸ್ ರೋಗಗಳು ಪಶುವೈದ್ಯದಲ್ಲಿ ಪ್ರತ್ಯೇಕ ಅಧ್ಯಯನದ ವಿಷಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಪಶುವೈದ್ಯ ಶಾಲೆಗಳ ಗಮನವೆಲ್ಲ ಕುದುರೆ, ದನ, ಕುರಿಗಳ ಮೇಲಿತ್ತು. ಇಲಿ ಹಿಡಿಯಲು ಸಾಕಿದ ಬೆಕ್ಕು ಸತ್ತರೆ ಇನ್ನೊಂದು ಸುಲಭವಾಗಿ ಸಿಗುತ್ತಿತ್ತು. ಮನೆಯೊಳಗೆ ಸಾಕುವ ರೂಢಿ ಬೆಳೆದ ಮೇಲೂ ನಾಯಿಯ ಔಷಧವನ್ನೇ ಪ್ರಮಾಣ ತಗ್ಗಿಸಿ ಬೆಕ್ಕಿಗೆ ಕೊಡುವುದು ಬಹುಕಾಲ ನಡೆಯಿತು. ಇದು ಅಪಾಯದ ದಾರಿ: ಪ್ಯಾರಾಸಿಟಮಾಲ್‌ನಂಥ ಔಷಧಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆಯಿದ್ದು, ಮನುಷ್ಯರ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.

ಮೊದಲು ಬೆಳಕಿಗೆ ಬಂದದ್ದು ವಾಂತಿ, ಭೇದಿ, ನಿತ್ರಾಣಗಳಿಂದ ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ರೋಗ. ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿದ ಮೇಲೂ ಇದರ ಸೋಂಕು ಉಳಿಯುತ್ತದೆ, ಅಂದರೆ ಕಾರಣ ವೈರಸ್, ಎಂದು ಫ್ರಾನ್ಸಿನಲ್ಲಿ ವೆರ್ಜ್ ಮತ್ತು ಕ್ರಿಸ್ಟೋಫೊರೋನಿ 1928ರಲ್ಲಿ ತೋರಿಸಿದರು. ರೋಗಿ ಬೆಕ್ಕಿನ ರಕ್ತದಲ್ಲಿ ಬಿಳಿಕಣಗಳು ಹೆಚ್ಚುಕಡಿಮೆ ಇಲ್ಲವಾಗುವುದನ್ನು 1939ರಲ್ಲಿ ಅಮೆರಿಕದ ವಿಲಿಯಂ ಹ್ಯಾಮನ್ ಮತ್ತು ಜಾನ್ ಎಂಡರ್ಸ್ ವಿವರಿಸಿದ ಬಳಿಕ ರೋಗಕ್ಕೆ ಪ್ಯಾನ್‌ಲ್ಯೂಕೋಪೀನಿಯ ಎಂಬ ಹೆಸರು ನಿಂತಿತು. ಇದೇ ಎಂಡರ್ಸ್ ಮುಂದೆ ಪೋಲಿಯೋ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದಕ್ಕಾಗಿ 1954ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. 1978ರ ಸುಮಾರಿಗೆ ಜಗತ್ತಿನಾದ್ಯಂತ ನಾಯಿಮರಿಗಳನ್ನು ಕೊಂದ ಪಾರ್ವೋ ವೈರಸ್ ಈ ವೈರಸ್ಸಿನ ಹತ್ತಿರದ ಬಂಧು. ಹಾಗಾಗಿಯೇ ನಾಯಿಗಳ ಪಾರ್ವೋ ಪರೀಕ್ಷೆಯ ಕಿಟ್‌ನಲ್ಲಿ ಬೆಕ್ಕಿನ ಮಲವನ್ನು ಪರೀಕ್ಷಿಸುವ ವಾಡಿಕೆ ಉಂಟು. ಪ್ಯಾನ್‌ಲ್ಯೂಕೋಪೀನಿಯ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧ ಬಳಕೆಗೆ ಬಂದಿಲ್ಲ. ಡ್ರಿಪ್ ಹಾಕಿ, ವಾಂತಿ ತಡೆದು, ಬೇರೆ ಸೋಂಕು ತಗುಲದಂತೆ ಆ್ಯಂಟಿಬಯಾಟಿಕ್ ಕೊಟ್ಟು, ಬಿಳಿಕಣಗಳು ಮರಳುವವರೆಗೆ ಜೀವ ಹಿಡಿದಿಡುವುದೇ ಚಿಕಿತ್ಸೆ. ಲಸಿಕೆ ಮಾತ್ರ ಬಹಳ ಪರಿಣಾಮಕಾರಿ.

ಬೆಕ್ಕುಗಳ ನೆಗಡಿಗೆ ಕಾರಣವಾದ ಎರಡು ವೈರಸ್‌ಗಳು ಒಂದರ ಹಿಂದೊಂದು ಸಿಕ್ಕವು: 1957ರಲ್ಲಿ ನ್ಯೂಜಿಲೆಂಡಿನಲ್ಲಿ ಕ್ಯಾಲಿಸಿ ವೈರಸ್, 1958ರಲ್ಲಿ ಅಮೆರಿಕದಲ್ಲಿ ಹರ್ಪಿಸ್ ವೈರಸ್. ಎರಡನೆಯದನ್ನು ಕಂಡವರಲ್ಲಿ ಒಬ್ಬರಾದ ಕ್ರ್ಯಾಂಡೆಲ್, ಬೆಕ್ಕಿನ ಮೂತ್ರಪಿಂಡದ ಜೀವಕೋಶಗಳಿಂದ ಎಂದೂ ಸಾಯದ ಕೋಶಸಂತತಿಯೊಂದನ್ನು ಬೆಳೆಸಿ 1973ರಲ್ಲಿ ಸಹೋದ್ಯೋಗಿಗಳೊಂದಿಗೆ ವರದಿ ಮಾಡಿದರು. ಬೆಕ್ಕಿನ ವೈರಸ್ ಸಂಶೋಧನೆ ಬಹುಪಾಲು ನಿಂತಿರುವುದು ಈ ಕೋಶಗಳ ಮೇಲೆ. ಲಸಿಕೆಗೆ ಬೇಕಾದ ವೈರಸ್ ಬೆಳೆಯುವುದೂ ಇವುಗಳಲ್ಲಿ. ಈ ಅನುಕೂಲಕ್ಕೆ ಇನ್ನೊಂದು ಮುಖವೂ ಇದೆ. ಲಸಿಕೆಯಲ್ಲಿ ಉಳಿದ ಕೋಶಾಂಶದಿಂದ ಬೆಕ್ಕಿನ ದೇಹ ತನ್ನದೇ ಮೂತ್ರಪಿಂಡದ ವಿರುದ್ಧ ಪ್ರತಿಕಾಯ ತಯಾರಿಸಬಹುದು ಎಂದು ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2005ರ ಆಸುಪಾಸಿನಲ್ಲಿ ತೋರಿಸಿದರು. ಲಸಿಕೆಯೇ ಮೂತ್ರಪಿಂಡ ರೋಗಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಬೆಳೆದ ಬೆಕ್ಕಿಗೆ ಎಲ್ಲ ಲಸಿಕೆಗಳನ್ನೂ ಪ್ರತಿವರ್ಷ ಚುಚ್ಚಬೇಕೇ ಎಂಬ ಚರ್ಚೆಯಲ್ಲಿ ಈ ಸಂಗತಿಯೂ ಸೇರಿಕೊಂಡಿತು.

1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್, ಹಲವು ಬೆಕ್ಕುಗಳಿದ್ದ ಒಂದು ಮನೆಯಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರ್ ಮತ್ತೆ ಮತ್ತೆ ಕಾಣಿಸುವುದನ್ನು ಗಮನಿಸಿ, ಬೆಕ್ಕಿನ ಲ್ಯುಕೀಮಿಯ ವೈರಸ್ಸನ್ನು ಪತ್ತೆಹಚ್ಚಿದರು. ಕ್ಯಾನ್ಸರ್ ಬೆಕ್ಕಿನಿಂದ ಬೆಕ್ಕಿಗೆ ಅಂಟಬಲ್ಲದೆಂಬ ಮಾತು ಆಗ ಅನೇಕರಿಗೆ ನಂಬಲಾಗದ್ದು. 1973ರಲ್ಲಿ ವಿಲಿಯಂ ಹಾರ್ಡಿ ರಕ್ತದ ಲೇಪನದಲ್ಲಿ ವೈರಸ್ ಕಾಣಿಸುವ ಪರೀಕ್ಷೆ ರೂಪಿಸಿದ ಮೇಲೆ ಸೋಂಕಿತ ಬೆಕ್ಕುಗಳನ್ನು ಬೇರ್ಪಡಿಸುವುದು ಸಾಧ್ಯವಾಯಿತು. ರೋಗ ಇಳಿಮುಖವಾದುದರಲ್ಲಿ 1985ರಲ್ಲಿ ಬಂದ ಲಸಿಕೆಗಿಂತ ಈ ಪರೀಕ್ಷೆಯ ಪಾಲೇ ದೊಡ್ಡದೆನ್ನಬೇಕು. 1986ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್‌ಸನ್ ಮತ್ತು ಜ್ಯಾನೆಟ್ ಯಮಮೊಟೊ, ಏಡ್ಸ್ ವೈರಸ್ಸಿನ ಬಳಗಕ್ಕೆ ಸೇರಿದ ಎಫ್‌ಐವಿಯನ್ನು ಬೇರ್ಪಡಿಸಿದರು. ಅದಕ್ಕೆ 2002ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಲಸಿಕೆ ತಂದ ಗೊಂದಲವೇ ಹೆಚ್ಚು: ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು, ಲಸಿಕೆ ಹುಟ್ಟಿಸುವುದೂ ಪ್ರತಿಕಾಯವನ್ನೇ. ಸೋಂಕು ತಗುಲಿದ ಬೆಕ್ಕು ಯಾವುದು, ಲಸಿಕೆ ಪಡೆದದ್ದು ಯಾವುದು ಎಂದು ಹೇಳುವುದು ಕಷ್ಟವಾಯಿತು. ಕೊನೆಗೆ ಅಲ್ಲಿ ಅದರ ಮಾರಾಟವೇ ನಿಂತಿತು.

ಮೂತ್ರಪಿಂಡ ರೋಗದ ಇತಿಹಾಸ ಬೇರೆ ಬಗೆಯದು. ಇಲ್ಲಿ ಹಿಡಿಯಬೇಕಾದ ಒಬ್ಬನೇ ಶತ್ರುವಿಲ್ಲ. ಬೆಕ್ಕಿನ ಪೂರ್ವಜ ಒಣನಾಡಿನ ಕಾಡುಬೆಕ್ಕು. ಕಡಿಮೆ ನೀರು ಕುಡಿದು ಮೂತ್ರವನ್ನು ಬಹಳ ಗಾಢಗೊಳಿಸುವ ಗುಣ ಅದರಿಂದ ಬಂದದ್ದು. ಮೂತ್ರ ತೆಳುವಾಗುವುದು, ನೀರಿನ ಬಟ್ಟಲು ಬೇಗ ಖಾಲಿಯಾಗುವುದು, ಮೈ ಇಳಿಯುವುದು ಮೊದಲ ಲಕ್ಷಣಗಳು. ಬೆಕ್ಕು ನೋವನ್ನು ಮರೆಮಾಚುವ ಪ್ರಾಣಿಯಾದ್ದರಿಂದ ಮನೆಯವರಿಗೆ ಇವು ತಿಳಿಯುವುದು ತಡವಾಗಿಯೇ. ರಕ್ತದ ಕ್ರಿಯಾಟಿನಿನ್ ಅಳೆಯುವ ರಾಸಾಯನಿಕ ಕ್ರಿಯೆಯನ್ನು ಮ್ಯಾಕ್ಸ್ ಯಾಫೆ 1886ರಲ್ಲೇ ಕಂಡುಹಿಡಿದಿದ್ದರು. ಪಶುವೈದ್ಯರೂ ಮುಂದೆ ಅದನ್ನೇ ನೆಚ್ಚಿದರು. ಆದರೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋಗುವವರೆಗೆ ಅದರ ಅಂಕಿ ಸಹಜ ಮಿತಿ ದಾಟದಿರಬಹುದು. 1998ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ಐರಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಕ್ರಿಯಾಟಿನಿನ್ ಮಟ್ಟವನ್ನು ಆಧರಿಸಿ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ರಕ್ತದೊತ್ತಡ, ಮೂತ್ರದಲ್ಲಿ ಸೋರುವ ಪ್ರೋಟೀನುಗಳು ಉಪವಿಭಾಗಕ್ಕೆ ಆಧಾರ. 2015ರಲ್ಲಿ ಬಳಕೆಗೆ ಬಂದ ಎಸ್‌ಡಿಎಂಎ ಪರೀಕ್ಷೆ ಸರಾಸರಿ ಶೇ. 40ರಷ್ಟು ಶಕ್ತಿ ಕುಂದಿದಾಗಲೇ ಸೂಚನೆ ಕೊಡಬಲ್ಲದು. ದೇಹದ ಮಾಂಸಖಂಡ ಕರಗಿದ್ದರೂ ಅದರ ಲೆಕ್ಕ ತಪ್ಪುವುದಿಲ್ಲ.

ಚಿಕಿತ್ಸೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಔಷಧವಲ್ಲ, ಆಹಾರ. ಅಮೆರಿಕದ ಪಶುವೈದ್ಯ ಮಾರ್ಕ್ ಮಾರಿಸ್, ಬಡ್ಡಿ ಎಂಬ ಕುರುಡರ ಮಾರ್ಗದರ್ಶಿ ನಾಯಿಗಾಗಿ ಪಥ್ಯವೊಂದನ್ನು ರೂಪಿಸಿದರು; ಅದು 1948ರಲ್ಲಿ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ರಂಜಕ ಮತ್ತು ಪ್ರೋಟೀನ್ ತಗ್ಗಿಸಿದ ಬೆಕ್ಕಿನ ಪಥ್ಯಗಳು ಆ ದಾರಿಯಲ್ಲೇ ಹುಟ್ಟಿದವು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಜೊನಾಥನ್ ಎಲಿಯಟ್ ತಂಡ 2000ದಲ್ಲಿ ಪ್ರಕಟಿಸಿದ ವರದಿಯಂತೆ ಪಥ್ಯ ತಿಂದ ಬೆಕ್ಕುಗಳ ಮಧ್ಯಕ ಆಯುಸ್ಸು 633 ದಿನ, ತಿನ್ನದವುಗಳದು 264 ದಿನ. ತಿನ್ನದವು ಬಹುತೇಕ ಪಥ್ಯವನ್ನು ಮೂಸಿ ಬಿಟ್ಟ ಅಥವಾ ಮಾಲೀಕರು ಒಪ್ಪದ ಬೆಕ್ಕುಗಳಾದ್ದರಿಂದ ಈ ಅಂತರವನ್ನು ತುಸು ಎಚ್ಚರದಿಂದ ಓದಬೇಕು. 2006ರಲ್ಲಿ 45 ಬೆಕ್ಕುಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಆ ಅನುಮಾನವನ್ನು ಬಹುಮಟ್ಟಿಗೆ ನೀಗಿತು: ಎರಡು ವರ್ಷಗಳಲ್ಲಿ ಪಥ್ಯದ ಗುಂಪಿನಲ್ಲಿ ಮೂತ್ರಪಿಂಡದ ಕಾರಣಕ್ಕೆ ಒಂದೂ ಸಾಯಲಿಲ್ಲ.

ರಕ್ತದೊತ್ತಡಕ್ಕೆ ಆ್ಯಮ್ಲೋಡಿಪಿನ್, ಪ್ರೋಟೀನ್ ಸೋರಿಕೆಗೆ ಬೆನಜೆಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಮನುಷ್ಯರ ವೈದ್ಯದಿಂದ ಬಂದವು. ಮನೆಯಲ್ಲೇ ಚರ್ಮದಡಿ ದ್ರವ ಏರಿಸುವುದನ್ನು ಮಾಲೀಕರು ಕಲಿತರು. 1987ರಲ್ಲಿ ಡೇವಿಸ್‌ನಲ್ಲಿ ಕ್ಲೇರ್ ಗ್ರೆಗರಿ ಬೆಕ್ಕುಗಳಿಗೆ ಮೂತ್ರಪಿಂಡದ ಕಸಿಯನ್ನೂ ಆರಂಭಿಸಿದರು. ದಾನಿ ಬೆಕ್ಕನ್ನು ರೋಗಿಯ ಮನೆಯವರೇ ಸಾಕಿಕೊಳ್ಳಬೇಕೆಂಬ ಷರತ್ತು ಅಲ್ಲಿನ ಪದ್ಧತಿಯಾಯಿತು. ದಾನಿಯ ಒಪ್ಪಿಗೆ ಕೇಳಲಾಗದ ಈ ಶಸ್ತ್ರಚಿಕಿತ್ಸೆ ನೈತಿಕ ತಕರಾರಿನಿಂದ ಪಾರಾಗಲಿಲ್ಲ. ಪರ್ಷಿಯನ್ ಬೆಕ್ಕುಗಳ ಮೂತ್ರಪಿಂಡದಲ್ಲಿ ನೀರಗುಳ್ಳೆಗಳಾಗುವ ಆನುವಂಶಿಕ ರೋಗದ ಜೀನ್ ದೋಷ 2004ರಲ್ಲಿ ಪತ್ತೆಯಾಗಿ, ಸಂತಾನಕ್ಕೆ ಬಿಡುವ ಮೊದಲೇ ಪರೀಕ್ಷಿಸುವುದು ಸಾಧ್ಯವಾಯಿತು. ಲಿಲಿ ಜಾತಿಯ ಹೂಗಿಡದ ಎಲೆ ಅಥವಾ ಪರಾಗ ಕೂಡ ಬೆಕ್ಕಿನ ಮೂತ್ರಪಿಂಡವನ್ನು ದಿನಗಳಲ್ಲಿ ಕೆಡಿಸುತ್ತದೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಸೇರಿದ್ದ ಮೆಲಮೈನ್, ಸಯನ್ಯೂರಿಕ್ ಆಮ್ಲದೊಂದಿಗೆ ಕೂಡಿ ಹರಳುಗಟ್ಟಿ ಅನೇಕ ಬೆಕ್ಕುಗಳನ್ನು ಕೊಂದಿತು. 2012ರಲ್ಲಿ ಹಾಂಗ್‌ಕಾಂಗ್ ಸಂಶೋಧಕರು ಬೆಕ್ಕುಗಳಲ್ಲಿ ದಡಾರ ವೈರಸ್ಸಿನ ಬಳಗದ ಹೊಸ ವೈರಸ್ಸೊಂದನ್ನು ಕಂಡು, ಮೂತ್ರಪಿಂಡದ ಉರಿಯೂತದೊಂದಿಗೆ ಅದಕ್ಕೆ ನಂಟಿದೆಯೆಂದರು. ನಂತರದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ಎಫ್‌ಐಪಿ ಎಂಬ ಸಾಂಕ್ರಾಮಿಕ ಉದರಪಟಲದ ಉರಿಯೂತವನ್ನು 1963ರಲ್ಲಿ ಬಾಸ್ಟನ್ನಿನ ಜೀನ್ ಹೋಲ್ಜ್‌ವರ್ತ್ ವಿವರಿಸಿದರು. ಅನೇಕ ಬೆಕ್ಕುಗಳ ಕರುಳಿನಲ್ಲಿ ನಿರುಪದ್ರವಿಯಾಗಿರುವ ಕೊರೊನಾ ವೈರಸ್, ಕೆಲವು ದೇಹಗಳಲ್ಲಿ ಮಾರ್ಪಟ್ಟು ಬಿಳಿಕಣಗಳೊಳಗೆ ನುಗ್ಗಿದಾಗ ಈ ರೋಗ. ಒಂದು ರೂಪದಲ್ಲಿ ಹೊಟ್ಟೆಯಲ್ಲಿ ಹಳದಿ ಅಂಟುದ್ರವ ತುಂಬುತ್ತದೆ. ಇನ್ನೊಂದರಲ್ಲಿ ಮೂತ್ರಪಿಂಡ, ಕಣ್ಣು, ಮಿದುಳುಗಳಲ್ಲಿ ಗಂಟುಗಳೇಳುತ್ತವೆ. ನಿರುಪದ್ರವಿ ವೈರಸ್ಸಿಗೂ ಪ್ರತಿಕಾಯ ಹುಟ್ಟುವುದರಿಂದ ರಕ್ತಪರೀಕ್ಷೆಯಿಂದ ಏನನ್ನೂ ಖಚಿತವಾಗಿ ಹೇಳಲಾಗದು. 1991ರಲ್ಲಿ ಬಂದ ಮೂಗಿನ ಲಸಿಕೆ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಐದು ದಶಕಗಳ ಕಾಲ ಈ ಹೆಸರು ಮರಣಶಾಸನವೇ ಆಗಿತ್ತು.

ಜಿಎಸ್-441524 ಎಂಬ ಔಷಧವನ್ನು 31 ರೋಗಿ ಬೆಕ್ಕುಗಳಿಗೆ ಕೊಟ್ಟ ಪ್ರಯೋಗವನ್ನು ಪೆಡರ್‌ಸನ್ ತಂಡ 2019ರಲ್ಲಿ ವರದಿ ಮಾಡಿತು. 26 ಬೆಕ್ಕುಗಳು ಕನಿಷ್ಠ 12 ವಾರಗಳ ಚಿಕಿತ್ಸೆ ಮುಗಿಸಿದವು. ವರದಿಯ ಹೊತ್ತಿಗೆ 24 ಬದುಕಿದ್ದವು. ಇದನ್ನು ರೂಪಿಸಿದ ಗಿಲಿಯಡ್ ಕಂಪನಿ ಪಶು ಔಷಧವಾಗಿ ಮಾರುಕಟ್ಟೆಗೆ ತರಲಿಲ್ಲ. ಚೀನಾದಲ್ಲಿ ತಯಾರಾದ ಪರವಾನಗಿಯಿಲ್ಲದ ಸೀಸೆಗಳನ್ನು ಮಾಲೀಕರು ಅಂತರಜಾಲದ ಮೂಲಕ ತರಿಸಿ ತಾವೇ ಚುಚ್ಚತೊಡಗಿದರು. ಕೋವಿಡ್ ಕಾಲದಲ್ಲಿ ಮನೆಮಾತಾದ ರೆಮ್‌ಡೆಸಿವಿರ್ ದೇಹದಲ್ಲಿ ಒಡೆದಾಗ ಸಿಗುವುದೂ ಇದೇ ವಸ್ತು. ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರಿಂದ ಪಶುವೈದ್ಯರು ಇದನ್ನು ಕಾನೂನುಬದ್ಧವಾಗಿ ಬರೆದುಕೊಡುವಂತಾಯಿತು. 2023ರಲ್ಲಿ ಸೈಪ್ರಸ್‌ನಲ್ಲಿ ಹೊಸ ತಳಿಯ ವೈರಸ್ ಬೆಕ್ಕಿನಿಂದ ಬೆಕ್ಕಿಗೆ ನೇರವಾಗಿ ಹಬ್ಬಿದಾಗ, ಮನುಷ್ಯರಿಗಾಗಿ ದಾಸ್ತಾನಿಟ್ಟಿದ್ದ ಕೋವಿಡ್ ಮಾತ್ರೆಗಳನ್ನು ಬೆಕ್ಕುಗಳಿಗೆ ಕೊಡಲು ಸರ್ಕಾರ ಒಪ್ಪಿತು. ರೋಗ ಖಚಿತವಾಗದ ಕಡೆ ಔಷಧವನ್ನೇ ಮೊದಲು ಕೊಟ್ಟು, ಕೆಲವೇ ದಿನಗಳಲ್ಲಿ ಜ್ವರ ಇಳಿದರೆ ಅದನ್ನೇ ಪತ್ತೆಯ ಪುರಾವೆಯೆಂದು ಗಣಿಸುವ ಕ್ರಮವೂ ಬಂದಿದೆ. ಹೀಗೆ ಚಿಕಿತ್ಸೆ ಪಡೆಯುತ್ತಿದ್ದ ಎರಡು ಬೆಕ್ಕುಗಳ ಮೂತ್ರದಲ್ಲಿ ಈ ಔಷಧವೇ ಕಲ್ಲುಗಟ್ಟಿದ್ದು 2024ರಲ್ಲಿ ವರದಿಯಾದ ಮೇಲೆ, ಔಷಧ ಕೊಡುವಷ್ಟು ದಿನವೂ ಮೂತ್ರಪಿಂಡದ ಮೇಲೆ ಕಣ್ಣಿಡಬೇಕೆಂಬುದು ಸ್ಪಷ್ಟವಾಗಿದೆ.