ರಹಸ್ಯವಲ್ಲದ ಕಡತಗಳ ರಕ್ಷಣೆ: ಸೇನಾ ಗುತ್ತಿಗೆ ಸರಪಳಿಯ ಕೆಳಗಿನ ಕೊಂಡಿಗಳು

2016ರಲ್ಲಿ ಆಸ್ಟ್ರೇಲಿಯಾದ ಒಂದು ಸಣ್ಣ ವೈಮಾನಿಕ ಎಂಜಿನಿಯರಿಂಗ್ ಸಂಸ್ಥೆಯಿಂದ ಸುಮಾರು 30 ಗಿಗಾಬೈಟ್ ಮಾಹಿತಿ ಕಳುವಾಯಿತು. ಎಫ್-35 ಯುದ್ಧವಿಮಾನ, ಪಿ-8 ಕಡಲ ಕಣ್ಗಾವಲು ವಿಮಾನ, ಕೆಲವು ನೌಕೆಗಳ ವಿವರಗಳು ಅದರಲ್ಲಿದ್ದವು. ಸುಮಾರು ಐವತ್ತು ಜನರ ಆ ಸಂಸ್ಥೆ ಮೂಲ ಗುತ್ತಿಗೆಗಿಂತ ನಾಲ್ಕು ಮೆಟ್ಟಿಲು ಕೆಳಗಿತ್ತು. ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳಲು ಇದ್ದದ್ದು ಒಬ್ಬರೇ. ಕಾರ್ಖಾನೆಯಿಂದ ಬಂದ ಗುಪ್ತಪದಗಳನ್ನು ಕೂಡ ಬದಲಿಸಿರಲಿಲ್ಲ. ನುಸುಳಿಕೆ ಜುಲೈಯಲ್ಲಿ ಆರಂಭವಾಗಿದ್ದರೂ ಸರ್ಕಾರಕ್ಕೆ ಸುಳಿವು ಸಿಕ್ಕಿದ್ದು ನವೆಂಬರಿನಲ್ಲಿ, ಅದೂ ಬೇರೊಂದು ಸಂಸ್ಥೆಯ ಮೂಲಕ.

ಕದ್ದ ಕಡತಗಳಲ್ಲಿ ಒಂದೂ 'ರಹಸ್ಯ' ವರ್ಗದ್ದಲ್ಲ. ಸಮಸ್ಯೆಯ ಬೇರು ಇರುವುದೇ ಇಲ್ಲಿ. 2018ರ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಗುತ್ತಿಗೆದಾರರೊಬ್ಬರಿಂದ 614 ಗಿಗಾಬೈಟ್ ಹೋದಾಗಲೂ, ಜಲಾಂತರ್ಗಾಮಿ ಯುದ್ಧಕ್ಕೆ ಸಂಬಂಧಿಸಿದ ಆ ಮಾಹಿತಿ ಇದ್ದದ್ದು ಸಾಮಾನ್ಯ ಜಾಲದಲ್ಲಿ. ಬಿಡಿಬಿಡಿಯಾಗಿ ನಿರುಪದ್ರವಿಯಾದ ನಕ್ಷೆಗಳು ಒಂದೆಡೆ ಸೇರಿದಾಗ ಆಯುಧದ ಸ್ವರೂಪವನ್ನೇ ಬಿಟ್ಟುಕೊಡುತ್ತವೆ. ವರ್ಗೀಕರಣ ಪದ್ಧತಿಯಾದರೋ ಕಡತವನ್ನು ಒಂದೊಂದಾಗಿಯೇ ತೂಗುತ್ತದೆ.

ಪೆಂಟಗನ್ 2017ರ ಕೊನೆಯೊಳಗೆ 110 ಭದ್ರತಾ ನಿಯಮಗಳನ್ನು ಜಾರಿಗೊಳಿಸಬೇಕೆಂದೂ, ದಾಳಿ ಪತ್ತೆಯಾದ 72 ಗಂಟೆಯೊಳಗೆ ತಿಳಿಸಬೇಕೆಂದೂ ಗುತ್ತಿಗೆದಾರರಿಗೆ ವಿಧಿಸಿತು. ಪಾಲಿಸಿದ್ದೇವೆ ಎಂದು ಅವರೇ ಬರೆದುಕೊಟ್ಟರೆ ಸಾಕಿತ್ತು. 2019ರ ಆಂತರಿಕ ತಪಾಸಣೆ ಆ ಭರವಸೆಯ ಬಣ್ಣ ಬಯಲು ಮಾಡಿತು: ಬಲವಾದ ಗುಪ್ತಪದದಂಥ ಪ್ರಾಥಮಿಕ ಕ್ರಮಗಳನ್ನೂ ಎಲ್ಲೆಡೆ ಪಾಲಿಸಿರಲಿಲ್ಲ. ಗುತ್ತಿಗೆದಾರರ ಸೈಬರ್ ಭದ್ರತೆಯನ್ನು ಪ್ರಮಾಣೀಕರಿಸುವ ಈಗಿನ ಸಿಎಂಎಂಸಿ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಎರಡನೆಯ ಹಂತದ ಬಹುತೇಕ ಸಂಸ್ಥೆಗಳನ್ನು ಮೂರು ವರ್ಷಕ್ಕೊಮ್ಮೆ ಹೊರಗಿನವರು ಪರೀಕ್ಷಿಸಬೇಕು. 2025ರ ನವೆಂಬರ್ 10ರಿಂದ ಈ ವ್ಯವಸ್ಥೆ ಗುತ್ತಿಗೆ ಪತ್ರಗಳಿಗೆ ಹಂತಹಂತವಾಗಿ ಇಳಿಯುತ್ತಿದೆ.

ಇದು ಸುಧಾರಣೆಯೇ. ಆದರೆ ಪ್ರಮಾಣಪತ್ರ ಆ ದಿನದ ಸ್ಥಿತಿಯನ್ನಷ್ಟೇ ಹೇಳಬಲ್ಲದು. ಪರೀಕ್ಷೆಯ ಖರ್ಚು ಭರಿಸಲಾಗದ ಸಣ್ಣವರು ರಕ್ಷಣಾ ಕೆಲಸವನ್ನೇ ಬಿಟ್ಟಾರು. ನುಸುಳಿದ್ದೇ ಗೊತ್ತಾಗದವರಿಗೆ ವರದಿಯ ಗಡುವು ಏನು ಮಾಡೀತು? ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ವಿಧಿಸಿದ ಗಡುವು ಇನ್ನೂ ಬಿಗಿ, ಆರೇ ಗಂಟೆ. ಎಚ್‌ಎಎಲ್, ಬಿಇಎಲ್‌ಗಳಿಗೆ ಬಿಡಿಭಾಗ ಒದಗಿಸುವ ಬೆಂಗಳೂರಿನ ಸಣ್ಣ ವರ್ಕ್‌ಶಾಪುಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ನನ್ನ ವಾದ ಇಷ್ಟು: ಪ್ರತಿ ವರ್ಕ್‌ಶಾಪನ್ನೂ ಕೋಟೆಯಾಗಿಸುವುದಕ್ಕಿಂತ ಅಲ್ಲಿಗೆ ತಲುಪುವ ಮಾಹಿತಿಯನ್ನು ಕಡಿಮೆ ಮಾಡುವುದು ಅಗ್ಗ. ಒಂದು ಬ್ರಾಕೆಟ್ ಕೊರೆಯುವವನಿಗೆ ಇಡೀ ರೆಕ್ಕೆಯ ನಕ್ಷೆ ಬೇಕಿಲ್ಲ. ಬೇಕಾದಷ್ಟನ್ನು ಮುಖ್ಯ ಗುತ್ತಿಗೆದಾರ ತನ್ನ ಸರ್ವರಿನಲ್ಲೇ ತೋರಿಸಲಿ, ಕೆಲಸ ಮುಗಿದ ಮೇಲೆ ಪ್ರವೇಶ ಮುಚ್ಚಲಿ. ಅದರ ವೆಚ್ಚವನ್ನು ಗುತ್ತಿಗೆಯ ದರದಲ್ಲೇ ಸೇರಿಸಬಹುದು.