ಬೈರಾಸು, ಧೂಪದ ಬುಟ್ಟಿ ಮತ್ತು ಗುಂಗುರು ಕೂದಲು

ಕಲ್ಯಾಣ್ ದಾಟಿ ಕಸಾರಾ ಕಡೆ ಹೊರಟರೆ ಮೊದಲ ನಿಲ್ದಾಣ ಶಹಾಡ್. ಊರಿನ ಗುರುತು ಸೆಂಚುರಿ ರೇಯಾನ್ ಕಾರ್ಖಾನೆ. ಮರದ ತಿರುಳಿನಿಂದ ತೆಗೆಯುವ ರೇಯಾನ್ ನೂಲಿಗೆ ಒಂದು ದೌರ್ಬಲ್ಯವಿದೆ: ಒದ್ದೆಯಾದರೆ ಅದರ ಬಲ ಬಹಳ ಕುಗ್ಗುತ್ತದೆ. ಆ ಬಟ್ಟೆಯನ್ನು ಜೋರಾಗಿ ಹಿಂಡಬಾರದು ಎನ್ನುವುದು ಅದಕ್ಕೇ.

ಕೂದಲಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ನೀರು ಕೂದಲೊಳಗಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ. ಒಣಗುತ್ತ ಅವು ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಕೂದಲು ಹೇಗಿರುತ್ತದೋ ಹಾಗೆಯೇ ನಿಲ್ಲುತ್ತದೆ. ಗುಂಗುರು ಸುರುಳಿಯಾಗುವುದೋ ಕೆದರಿದ ಪೊದೆಯಾಗುವುದೋ ಎಂಬುದು ಬಹುಪಾಲು ಒಣಗಿಸುವಾಗಲೇ ತೀರ್ಮಾನವಾಗುತ್ತದೆ.

ಹಳಬರು ಇದನ್ನು ಕಣ್ಣಳತೆಯಲ್ಲೇ ಬಲ್ಲವರು. ಮಥುರೆಯ ಕುಷಾಣರ ಕಾಲದ ಶಿಲ್ಪದಲ್ಲಿ ಮಿಂದ ಹೆಣ್ಣು ಕೂದಲನ್ನು ಕೈಯಿಂದ ಹಿಂಡುತ್ತಾಳೆ, ಉಜ್ಜುವುದಿಲ್ಲ; ಕೆಳಗೆ ಹಕ್ಕಿಯೊಂದು ಹನಿಗೆ ಬಾಯಿ ಒಡ್ಡಿದೆ. ಕಾಳಿದಾಸನ ಮೇಘದೂತದಲ್ಲಿ ಉಜ್ಜಯಿನಿಯ ಜಾಲಂದ್ರಗಳಿಂದ ಹೊರಬರುವ ಕೇಶಧೂಪವೇ ಮೋಡಕ್ಕೆ ಮೈ ತುಂಬಿಸುತ್ತದೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಮಾಡುತ್ತಿದ್ದುದೂ ಅದನ್ನೇ: ಕೆಂಡದ ಮೇಲೆ ಸಾಂಬ್ರಾಣಿ, ಅದರ ಮೇಲೆ ಕವುಚಿದ ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ಹರಡಿದ ಕೂದಲು. ಬಿಸಿಗಾಳಿ ಕೆಳಗಿನಿಂದ, ನಿಧಾನವಾಗಿ, ಸಾವಿರ ಕಿಂಡಿಗಳಿಂದ ಏರುತ್ತದೆ. ಇವತ್ತು ಡ್ರೈಯರ್‌ ಮೂತಿಗೆ ಸಿಕ್ಕಿಸುವ ತೂತುತೂತಿನ ಡಿಫ್ಯೂಸರ್ ಮಾಡುವ ಕೆಲಸವೂ ಇಷ್ಟೇ.

ನಡುವೆ ಬಂದದ್ದು ಟರ್ಕಿ ಟವೆಲ್. ತುರ್ಕಿಯ ಕೈಮಗ್ಗದಲ್ಲಿ ಕಂಡ ಕುಣಿಕೆ ನೇಯ್ಗೆಯನ್ನು ಇಂಗ್ಲೆಂಡಿನ ಕ್ರಿಸ್ಟಿ ಕಂಪನಿ ಯಂತ್ರಕ್ಕೆ ಏರಿಸಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟಿತು. ಮೈ ಒರೆಸಲು ಅದು ಸುಖ. ಆದರೆ ಅದರಿಂದ ಉಜ್ಜಿದರೆ ಆ ಕುಣಿಕೆಗಳು ಗುಂಗುರನ್ನು ಹಿಡಿದೆಳೆದು ಸುರುಳಿ ಬಿಡಿಸುತ್ತವೆ.

ನನ್ನ ಬಾಲ್ಯ ಅದರಲ್ಲೇ ಕಳೆಯಿತು. ಶಹಾಡಿನ ಮಳೆಗಾಲದಲ್ಲಿ ಏನೂ ಒಣಗುತ್ತಿರಲಿಲ್ಲ. ಶಾಲೆಗೆ ಹೊತ್ತಾಯಿತೆಂದು ಅಮ್ಮ ಟವೆಲಿನಿಂದ ಗಸಗಸ ಉಜ್ಜಿ, ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದುಬಿಡುತ್ತಿದ್ದಳು. ಸಂಜೆ ಬಿಚ್ಚಿದರೆ ಹಸಿವಾಸನೆ. "ಈ ಕೂದಲು ಯಾರ ಮಾತೂ ಕೇಳುವುದಿಲ್ಲ" ಎನ್ನುವಳು. ನನ್ನನ್ನೇ ಹೇಳಿದಂತೆ ಕೇಳುತ್ತಿತ್ತು. ರಜೆಗೆ ಉಡುಪಿ ಕಡೆಯಿಂದ ಬಂದ ಅಜ್ಜಿ ಮಾತ್ರ ತೆಳು ಬೈರಾಸನ್ನು ತಲೆಗೆ ಸುತ್ತಿ, "ಮುಟ್ಟಬೇಡ ಮಗಾ, ಅದೇ ಒಣಗುತ್ತದೆ" ಎಂದು ಕೂರಿಸುತ್ತಿದ್ದಳು.

ಈ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಲೊರೇನ್ ಮ್ಯಾಸಿ 'ಕರ್ಲಿ ಗರ್ಲ್' ಪುಸ್ತಕದಲ್ಲಿ ಟವೆಲಿನ ಉಜ್ಜಾಟ ಬಿಡಿ ಎಂದರು. ಹಳೆಯ ಹತ್ತಿ ಟೀ ಶರ್ಟಿನಲ್ಲಿ ಕೂದಲು ಕಟ್ಟಿಕೊಳ್ಳುವುದು ಈಗ ದೇಶದೇಶಗಳ ರೂಢಿ. ಅಜ್ಜಿಯ ಬೈರಾಸು ಇನ್ನೂ ನನ್ನಲ್ಲಿದೆ. ಈಗ ಅದು ಮಗಳ ತಲೆಯ ಮೇಲೆ. ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಮೊನ್ನೆ ತಾನೇ ಕೇಳಿದಳು: "ನನಗೂ ಹಾಗೆ ಸುತ್ತಿಕೊಡುತ್ತೀಯಾ?"